ಉಪಾಸದಾಕಿ

ಆಕೆ ವ್ರತ ಕೆಡಿಸಿದ್ದಕ್ಕೆ ಸಾಯಲಿಲ್ಲ. ವ್ರತ ಬಿಡಿಸಿದ್ದಕ್ಕೆ ಸತ್ತಳು. ಇಳಕಲ್ಲಿನ ನಮ್ಮ ಓಣಿಯ ಹಳಬರು ಇವತ್ತಿಗೂ ಮೊದಲನೆಯ ಮಾತನ್ನೇ ಹೇಳುತ್ತಾರೆ. ದೇವರ ಕಾಟ ಅನ್ನುತ್ತಾರೆ. ದೇವರು ಪಾಪ, ಆ ಮನೆಯ ಕಡೆ ಒಮ್ಮೆಯೂ ಹೊರಳಿ ನೋಡಲಿಲ್ಲ. ಕಾಟ ಕೊಡಲಿಕ್ಕಾದರೂ ಬರಬೇಕಲ್ಲ.

ಆಕೆಯ ಹೆಸರು ಇಲ್ಲಿ ಬೇಡ. ಇದ್ದಾಗಲೂ ಆಕೆಯನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ‘ಉಪಾಸದಾಕಿ’. ಹೊಸ ಸೊಸೆಯಂದಿರಿಗೆ ಅತ್ತೆಯಂದಿರು ಆಕೆಯನ್ನು ತೋರಿಸಿ, “ಭಕ್ತಿ ಅಂದ್ರ ಅದು, ನೋಡಿ ಕಲೀರಿ” ಅನ್ನುತ್ತಿದ್ದರು. ಸೋಮವಾರ ಶಿವನದು, ಮಂಗಳವಾರ ದ್ಯಾಮವ್ವನದು, ಶುಕ್ರವಾರ ಬನಶಂಕರಿಯದು, ಶನಿವಾರ ಹನುಮಪ್ಪನದು. ಅಮಾವಾಸ್ಯೆ, ಹುಣ್ಣಿಮೆ ಬೇರೆ. ಶ್ರಾವಣ ಪೂರ್ತಿ ಒಪ್ಪತ್ತು. ಉಪವಾಸ ಇದ್ದ ದಿನ ದೇವರ ಜಗಲಿಯ ಮುಂದೆ ಬರೀ ಕಂಬಳಿ ಹಾಸಿ ಮಲಗುತ್ತಿದ್ದಳು. ಗಂಡ ಆ ಕಂಬಳಿಯ ಅಂಚನ್ನೂ ತುಳಿಯುತ್ತಿರಲಿಲ್ಲ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮಲ್ಲಿ ಮಗ್ಗ ಇತ್ತು. ಅವರಲ್ಲಿ ಲಾರಿ ಓಡಿಸುವ ಮಗ ಇದ್ದ, ಅವನೇ ಆಕೆಯ ಗಂಡ. ನಮ್ಮೂರಿನ ಕೆಂಪು ಕಲ್ಲು ದೊಡ್ಡ ದೊಡ್ಡ ಬಂಡೆಯಾಗಿ ಬೊಂಬಾಯಿಗೆ, ಗೋವೆಗೆ ಹೋಗಲು ಸುರುವಾಗಿದ್ದ ಕಾಲ ಅದು, ಎಪ್ಪತ್ತರ ಈಚೆಗೆ. ಆಕೆ ನಮ್ಮ ಮನೆಗೆ ಬಂದು ಕೊಂಡಿ ಹಾಕುತ್ತಿದ್ದಳು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದಾಗಿ, ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಬೇಕು, ಅದೇ ಕೊಂಡಿ. ಎತ್ತರದ ಹೆಂಗಸು, ಬೆನ್ನು ನೆಟ್ಟಗೆ ಇಟ್ಟು ಕೂರುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕೂಲಿ ಮಾತ್ರ ಅತ್ತೆಯ ಕೈಗೆ ಹೋಗುತ್ತಿತ್ತು. “ನನ್ನ ಕೈಯಾಗ ಎಳಿ ಅಷ್ಟ ಉಳಿತಾವ ಯಕ್ಕಾ, ಉಗುರಿನ ಸಂದ್ಯಾಗ” ಅಂದು ನಗುತ್ತಿದ್ದಳು.

ಒಂದು ಸೋಮವಾರ ಮಧ್ಯಾಹ್ನ ನಾನು ನೂಲು ತರಲು ಹಿಂದಿನ ಖೋಲಿಗೆ ಹೋದೆ. ಆಕೆ ನೂಲಿನ ಮೂಟೆಯ ಹಿಂದೆ ಕುಕ್ಕರುಗಾಲಲ್ಲಿ ಕುಂತು ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಹಸಿ ಉಳ್ಳಾಗಡ್ಡಿ ತಿನ್ನುತ್ತಿದ್ದಳು. ನಮ್ಮ ಪಾಲಿನ ರೊಟ್ಟಿಯೇ.

“ಇವತ್ತ ಸ್ವಾಮಾರ ಅಲ್ಲೇನ?” ಅಂದೆ.

“ಹೌದ್ ಯಕ್ಕಾ.”

“ಮತ್ತ?”

ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದಳು. ಗಡಿಬಿಡಿ ಇಲ್ಲ. “ಈ ಉಪಾಸ ದ್ಯಾವ್ರಿಗಲ್ಲ. ಅವಂಗ. ಇವತ್ತ ಸಂಜಿಗಿ ಲಾರಿ ಬರತೈತಿ.”

ಆಕೆಯೇ ಮುಂದುವರಿಸಿದಳು. “ದ್ಯಾವ್ರ ತಿಳದಾವ ಅದಾನ, ಉಂಡ್ರೂ ಸಿಟ್ಟ ಮಾಡಂಗಿಲ್ಲ. ಇಂವಾ ತಿಳಿಯಂಗಿಲ್ಲ ನೋಡು, ಅದಕ್ಕ ಉಪಾಸ.”

ಏನಾಗಿತ್ತು ಅಂದರೆ, ಮದುವೆಯಾದ ಹೊಸತರಲ್ಲೇ ಗಂಡ ಬೊಂಬಾಯಿ ಸಾಗಣೆಯಿಂದ ಉರಿಮೂತ್ರ ಹಚ್ಚಿಕೊಂಡು ಬಂದ. ಕೇಳಿದರೆ, “ಉಷ್ಣ ಆಗೇತಿ. ಇಂಜಿನ್ ಬಾಜೂ ಹಗಲೂ ರಾತ್ರಿ ಕುಂಡ್ರತೇನಿ, ಉಷ್ಣ ಆಗದ ಏನ ತಂಪ ಆಗತೈತೇನ?” ಅಂದ. ಲಾರಿಯವರೆಲ್ಲ ಹಾಗೇ ಅನ್ನುತ್ತಿದ್ದರು. ಇಂಜಿನ್ನಿನ ಉಷ್ಣ ಮೈಯಲ್ಲಿ ಕೂತರೆ ಗಂಡಸು ಕೆಡುತ್ತಾನೆ, ಅದನ್ನು ದಾರಿಯಲ್ಲೇ ಯಾವಳಾದರೂ ಹೆಂಗಸಿನ ಹತ್ತಿರ ಇಳಿಸಿ ಬರಬೇಕು ಅಂತ ಅವರ ನಂಬಿಕೆ. ರೋಗ ಬರುತ್ತಿದ್ದದ್ದೇ ಅಲ್ಲಿಂದ. ಬಂದ ರೋಗಕ್ಕೂ ಮತ್ತೆ ಅದೇ ಹೆಸರು, ಉಷ್ಣ.

ಅತ್ತೆ ಮಗನಿಗೆ ಮಜ್ಜಿಗೆ ಕುಡಿಸಿದಳು, ನೆತ್ತಿಗೆ ಔಡಲೆಣ್ಣೆ ಹಚ್ಚಿದಳು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಳು. ಸೊಸೆಗೂ ಹೊಟ್ಟೆನೋವು, ಬಿಳಿ ಹೋಗುವುದು ಸುರುವಾದಾಗ, “ನಿನಗೂ ಉಷ್ಣ ಆತು ನೋಡು” ಅಂದು ಅದೇ ಬೀಜ, ಅದೇ ಮಜ್ಜಿಗೆ. ಮೊದಲನೆಯ ಬಸಿರು ನಡುವೆ ಇಳಿಯಿತು. ಎರಡನೆಯದು ದಿನ ತುಂಬಿ ಹುಟ್ಟಿತು, ಆದರೆ ಸತ್ತೇ ಹುಟ್ಟಿತು. ಮೈಮೇಲಿನ ತೊಗಲು ಸುಲಿದಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿದವಳು ನಾನು. ಸೂಲಗಿತ್ತಿ ಅದಕ್ಕೂ ಉಷ್ಣ ಅಂದಳು.

ಆ ಮೇಲೆ ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತು ಬರಲಿ ಅಂತ ಅತ್ತೆ ಕಳಿಸಿದಳು. ದೇವರ ಹೆಸರಿಗಾದರೆ ಬಸ್ಸು ಹತ್ತಬಹುದು, ದವಾಖಾನೆಯ ಹೆಸರಿಗೆ ಹತ್ತುವಂತಿಲ್ಲ. ಜೋಡಿಗೆ ನಾನು ಹೋದೆ. ಹರಕೆ ಮುಗಿಸಿ ಹಿಂದಿರುಗುವಾಗ ಆಕೆಯ ರಟ್ಟೆ ಹಿಡಿದು ಬಾಗಲಕೋಟೆಯಲ್ಲಿ ಇಳಿಸಿದೆ. ಅಲ್ಲೊಬ್ಬಳು ಡಾಕ್ಟರಮ್ಮ ಇದ್ದಳು, ಮೈಸೂರು ಕಡೆಯವಳು. ಪರೀಕ್ಷೆ ಮಾಡಿ, “ಇದು ಉಷ್ಣ ಅಲ್ಲಮ್ಮ, ಅಂಟುರೋಗ. ನಿಮ್ಮ ಯಜಮಾನರಿಂದ ಬಂದಿದೆ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಬರಬೇಕು” ಅಂದಳು.

ಇವಳು ಗಾಬರಿಯಾಗಿ ನನ್ನ ಮುಖ ನೋಡಿದಳು. “ಯಜಮಾನರು ಅಂದ್ರ ನಮ್ಮ ಅತ್ತಿ ಏನ್ರಿ ಬಾಯಾರ?” ಅಂತ ಕೇಳಿದಳು.

ಆ ಮನೆಯ ಯಜಮಾನಿಕೆ ಅತ್ತೆಯದೇ. ತಪ್ಪು ಕೇಳಿದಳು ಅಂತ ನಾನು ಹೇಳಲಾರೆ. ಡಾಕ್ಟರಮ್ಮನಿಗೆ ನಗು ಬಂತು, ಆಮೇಲೆ ನಗು ನಿಂತಿತು. ಇಬ್ಬರಿಗೂ ಸೂಜಿ ಆಗಬೇಕು, ಒಬ್ಬರಿಗೆ ಆದರೆ ನೀರಲ್ಲಿ ಹೋಮ, ಅವನು ಔಷಧ ಮುಗಿಸುವ ತನಕ ಹತ್ತಿರ ಸೇರಿಸಬೇಡ ಅಂತ ಬಿಡಿಸಿ ಹೇಳಿದಳು. ಇವಳಿಗೆ ಸೂಜಿ ಹಾಕಿದಳು. ಹೋಗುವಾಗ ಸರಕಾರದ ನಿರೋಧದ ಪಾಕೀಟೂ ಕೊಟ್ಟಳು.

ಗಂಡ ಬಂದಾಗ ಇವಳು ಪಾಕೀಟು ಮುಂದಿಟ್ಟಳು. ಅವನು ಅಲ್ಲಿಯವರೆಗೆ ಕೈ ಎತ್ತಿದವನಲ್ಲ. ಕೆಟ್ಟವನು ಅಂತ ಯಾರೂ ಅನ್ನುತ್ತಿರಲಿಲ್ಲ. ಬೊಂಬಾಯಿಯಿಂದ ಬರುವಾಗ ಹೆಂಡತಿಗೆ ಬಳೆ, ತಾಯಿಗೆ ಎಲೆ ತಂಬಾಕು ತರುವವನು. ಆ ದಿನ ಹೊಡೆದ. ಗೋಡೆಯ ಈಚೆ ನಮಗೆ ಕೇಳಿಸಿತು. “ಇದನ್ನ ನಿನಗ ಯಾರ ಕಲಿಸಿದ್ರು? ನಾ ಊರಾಗ ಇಲ್ಲದಾಗ ಯಾರ ಬರ್ತಾರ ಮನಿಗಿ?” ಅವನು ತಂದ ರೋಗ, ಪ್ರಶ್ನೆ ಅವಳಿಗೆ. ದವಾಖಾನೆಗೆ ಹೋಗೋಣ ಅಂದರೆ, “ನನಗೇನಾಗೇತಿ? ಉಷ್ಣಕ್ಕ ಗಂಡಸ ದವಾಖಾನಿಗಿ ಹೋಗ್ತಾನೇನ?” ಅಂದ.

ಆಮೇಲೆ ಆಕೆ ಬೇವೂರಿಗೆ, ತವರಿಗೆ ಹೋದಳು. ಅಲ್ಲಿ ಅಣ್ಣ, ಕಣ್ಣು ಕಾಣದ ತಾಯಿ, ಇನ್ನೂ ಸಣ್ಣವಳಾದ ತಂಗಿ. ಹೋದ ಬಸ್ಸಿನ ಧೂಳು ಅಡಗುವುದರೊಳಗೆ ತಿರುಗಿ ಬಂದಳು. ಏನಾಯಿತೆಂದು ಕೇಳಿದೆ. ಕೊಂಡಿ ಹಾಕುತ್ತ ಹಾಕುತ್ತಲೇ ಅಣ್ಣನ ದನಿ ತೆಗೆದು ಹೇಳಿದಳು.

“ಗಂಡ ಕುಡೀತಾನೇನ? ಇಲ್ಲಣ್ಣ. ಊಟಕ್ಕ ಹಾಕಂಗಿಲ್ಲೇನ? ಹಾಕ್ತಾನ. ಮತ್ತೊಬ್ಬಾಕೀನ್ನ ಮನಿಗಿ ತಂದಾನೇನ? ಇಲ್ಲ. ಮತ್ತೇನ ಅವಂದು? ಉಷ್ಣ ಆಗೇತಣ್ಣ. ಥೂ ಹುಚ್ಚಿ, ಉಷ್ಣಕ್ಕ ಯಾರರ ಗಂಡನ್ನ ಬಿಡ್ತಾರೇನ!”

“ರೋಗ ಅಂತ ಬಿಚ್ಚಿ ಹೇಳಬೇಕಿಲ್ಲ?” ಅಂದೆ.

“ಅಣ್ಣನ ಮುಂದ ಹ್ಯಾಂಗ ಹೇಳ್ಲಿ ಯಕ್ಕಾ? ಬಾಯಿಗಿ ಆ ಶಬ್ದ ಎಲ್ಲಿ ಐತಿ?”

ಅದು ಖರೆ. ಗಂಡಸರು ಆ ರೋಗಕ್ಕೆ ಮರ್ಯಾದೆಯ ಹೆಸರು ಇಟ್ಟುಕೊಂಡಿದ್ದರು. ನಮಗೆ ಅದನ್ನು ಬಿಟ್ಟು ಬೇರೆ ಹೆಸರೇ ಬಿಟ್ಟಿರಲಿಲ್ಲ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಆಕೆ ದೇವರ ಬಾಗಿಲಿಗೆ ಹೋದಳು. ಹೆಂಡತಿ ಗಂಡನಿಗೆ ಬೇಡ ಅನ್ನುವಂತಿಲ್ಲ. ಆದರೆ ‘ಇವತ್ತ ದ್ಯಾವ್ರ ದಿನ’ ಅನ್ನಬಹುದು. ಲಾರಿಯವನ ಭಯ ಆಕೆಗೆ ಗೊತ್ತಿತ್ತು. ಗಾಡಿಯ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ಅವನು ಗೇರು ಹಾಕುತ್ತಿರಲಿಲ್ಲ. ಘಟ್ಟ ಇಳಿಯುವಾಗ ಬ್ರೇಕು ಹಿಡಿಯದೆ ಹೋದವರನ್ನು ಕಣ್ಣಾರೆ ಕಂಡಿದ್ದ. ಆಕೆ ಒಂದೇ ಮಾತು ಹೇಳಿದಳು: “ನಿಮ್ಮ ಗಾಡಿ ಸುರಳೀತ ಬರಲಿ ಅಂತ ಹಿಡದೇನಿ. ನಡುವ ಮುಟ್ಟಿದ್ರ ಕೆಡತೈತಿ.” ಸಾಕಾಯಿತು. ಚಹದ ಅಂಗಡಿಯಲ್ಲಿ ಅವನೇ ಹೇಳಿಕೊಂಡು ತಿರುಗಿದ, “ನನ್ನ ಗಾಡಿ ಓಡೋದ ಡೀಸೆಲ್ ಮ್ಯಾಲಲ್ಲಪಾ, ನನ್ನ ಹೇಂತಿ ಉಪಾಸದ ಮ್ಯಾಲೆ!”

ಲಾರಿ ಯಾವ ದಿನ ಬರುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಅದಕ್ಕೆ ವಾರದ ದಿನಗಳನ್ನೆಲ್ಲ ಆಕೆ ಒಂದೊಂದಾಗಿ ತುಂಬಿಸುತ್ತ ಬಂದಳು. ಗುರುವಾರಕ್ಕೆ ದರ್ಗಾದ ಸಕ್ಕರೆ ಓದಿಸಿದಳು. ಬುಧವಾರ, ರವಿವಾರ ಖಾಲಿ ಉಳಿದವು.

“ಬುಧವಾರಕ್ಕ ಯಾರನ್ನ ಹಿಡೀಲಿ ಯಕ್ಕಾ?”

“ಪಂಢರಾಪುರದ ವಿಠ್ಠಲಂದು ಬುಧವಾರ ಅಂತಾರ.”

“ಅಂವಾ ನಮ್ಮ ಮಂದಿ ದ್ಯಾವ್ರಲ್ಲಲ್ಲ?”

“ನಿನಗ ಬೇಕಾದದ್ದು ದ್ಯಾವ್ರ ಏನ, ವಾರ ಏನ?”

ನಕ್ಕಳು, ಎಳೆ ಕೈತಪ್ಪುವಷ್ಟು ನಕ್ಕಳು. “ರವಿವಾರ ಹಂಗ ಬಿಡತೇನಿ. ಅವತ್ತ ನನಗ ತಲಿನೋವು” ಅಂದಳು.

ಹಾಗೆ ಕೆಲವು ವರ್ಷ ನಡೆಯಿತು. ಆಕೆಯ ಮೈಯಲ್ಲಿ ನೆತ್ತರು ಕಂಡಿತು, ಕೆನ್ನೆ ತುಂಬಿತು. ಉಪವಾಸ ಮಾಡಿ ಮೈ ತುಂಬಿಕೊಂಡವಳನ್ನು ನಾನು ಇವಳೊಬ್ಬಳನ್ನೇ ನೋಡಿದ್ದು. ಅದೂ ದೇವರ ಕಳೆ ಅಂದರು ಜನ.

ಎಷ್ಟೋ ವರ್ಷದ ಮೇಲೆ, ಏಡ್ಸ್ ಅನ್ನುವುದು ಊರೂರಿಗೆ ಬಂದು ಗೋಡೆಗಳ ಮೇಲೆಲ್ಲ ಅದರ ಹೆಸರು ಬರೆದಾಗ, ಇಬ್ಬರು ಹುಡುಗಿಯರು ಚಿತ್ರದ ಹಾಳೆ ಹಿಡಿದು ನಮ್ಮ ಓಣಿಗೆ ಬಂದರು. ದೂರ ದುಡಿದು ಬಂದ ಗಂಡನನ್ನು ಮೊದಲು ತಪಾಸಣೆ ಮಾಡಿಸಿರಿ, ಒಪ್ಪದಿದ್ದರೆ ಬೇಡ ಅನ್ನಿರಿ ಅಂದರು. ನಾನು ಕೇಳಿದೆ, “ಬ್ಯಾಡ ಅಂದಾಕಿ ಅವತ್ತ ಎಲ್ಲಿ ಮಲಗಬೇಕು, ಮರುದಿನ ಯಾರ ಮನ್ಯಾಗ ಉಣ್ಣಬೇಕು, ಅದರ ಚಿತ್ರ ತಂದೀರೇನ?” ಅವರಲ್ಲಿ ದೊಡ್ಡವಳು, “ಅದನ್ನ ನಾವೂ ಕೇಳಿವಿ ಅಜ್ಜಿ, ಯಾರೂ ಹೇಳವಲ್ಲರು” ಅಂದಳು. ಒಳ್ಳೆಯ ಹುಡುಗಿ. ಚಹ ಮಾಡಿ ಕೊಟ್ಟೆ. ರೋಗ ಹೊಸದು ಇರಬಹುದು. ಅದು ಮನೆಯೊಳಗೆ ಬಂದ ದಾರಿ ಹಳೆಯದು. ನಮ್ಮ ಉಪಾಸದಾಕಿ ಆ ದಾರಿಗೆ ಅಡ್ಡ ಒಂದು ಕಂಬಳಿ ಹಾಸಿದ್ದಳು, ಅಷ್ಟೇ.

ಆ ಕಂಬಳಿಯನ್ನು ಎತ್ತಿದವರು ಕೆಟ್ಟವರಲ್ಲ. ಅದೇ ನನಗೆ ಸಿಟ್ಟು.

ಅತ್ತೆಗೆ ಮೊಮ್ಮಗ ಬೇಕಿತ್ತು. ಎಂಬತ್ತರ ಈಚೆಗೆ ಒಂದು ದಿನ ನಮ್ಮ ಕಟ್ಟೆಗೆ ಬಂದು ಕುಂತು, “ನನ್ನ ಸೊಸಿ ವ್ರತ ಮುಗಸಬೇಕಂತ ಮಾಡೇನಿ. ಅಯ್ಯನವರನ್ನ ಕರಸತೇನಿ, ಐದು ಮಂದಿ ಮುತ್ತೈದೇರನ್ನ ಕರದು ಉಡಿ ತುಂಬಸತೇನಿ. ನೀನೂ ಬಾ” ಅಂದಳು.

ನಾನು ನೇರ ಹೇಳಿದೆ, “ದೊಡ್ಡವ್ವಾ, ಮೊದಲ ನಿನ್ನ ಮಗನ್ನ ದವಾಖಾನಿಗಿ ಕಳಸು. ಆಮ್ಯಾಲ ಉಡಿ ತುಂಬು.”

“ಅವಂಗೇನಾಗೇತಿ? ಗಾಡಿ ಉಷ್ಣ. ನಿನ್ನ ಗಂಡಗ ಮಗ್ಗದಾಗ ಕುಂತ ಸೊಂಟನೋವು, ನನ್ನ ಮಗಗ ಗಾಡ್ಯಾಗ ಕುಂತ ಉಷ್ಣ. ದುಡಿಯೋ ಗಂಡಸಿಗಿ ಏನರ ಒಂದು ಇರೂದ.”

“ಎರಡ ಕೂಸ ಹೋದ್ವಲ್ಲ?”

“ಅದಕ್ಕ ಅಲ್ಲೇನ ವ್ರತಾ ಹಿಡದದ್ದು? ದ್ಯಾವ್ರ ಒಲದಾನ. ಅಕಿ ಮಾರಿ ನೋಡಿಲ್ಲೇನ ನೀ?” ಅಂದಳು.

ಉಡಿ ತುಂಬುವ ದಿನ ಬಂತು. ಅಕ್ಕಿ, ಕೊಬ್ಬರಿಬಟ್ಟಲು, ಉತ್ತುತ್ತಿ, ಗುಳೇದಗುಡ್ಡದ ಖಣ ಎಲ್ಲ ತಂದರು. ಓಣಿಯ ಹೆಂಗಸರು ಹಾಡು ಹೇಳಿದರು. ಆಕೆಯನ್ನು ಮಣೆಯ ಮೇಲೆ ಕೂರಿಸಿದರು. ಮಠದ ಅಯ್ಯನವರು ಸಾತ್ವಿಕ ಮನುಷ್ಯ. ವ್ರತವನ್ನು ಹಿಡಿದವಳೇ ಒಪ್ಪಿ ಬಿಡಬೇಕು, ಜುಲುಮೆ ನಡೆಯದು ಅಂತ ಮೊದಲೇ ಹೇಳಿದರು. ಆಕೆಯ ಕಡೆ ತಿರುಗಿ, “ಏನವ್ವಾ ತಂಗಿ, ಒಪ್ಪಿ ಬಿಡ್ತೀಯೇನ?” ಅಂದರು.

ಆಕೆ ತಲೆ ಎತ್ತಿದಳು. “ಇನ್ನೊಂದೀಟ ವರ್ಸ ಇರಲ್ರಿ ಅಜ್ಜಾರ.”

“ಎಷ್ಟ ಭಕ್ತಿ ನೋಡ್ರಿ!” ಅಂದಳು ಅತ್ತೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಬ್ಯಾಡ್ರಿ ಅಜ್ಜಾರ. ಬಿಡಸಬ್ಯಾಡ್ರಿ. ನಿಮ್ಮ ಕಾಲ ಹಿಡೀತೇನಿ.” ಮಣೆಯಿಂದ ಇಳಿದು ಖರೇನೇ ಕಾಲು ಹಿಡಿದಳು.

ಹೆಂಗಸರೆಲ್ಲ ಮೂಗು ಒರೆಸಿಕೊಂಡು ಅತ್ತರು. ಇಂಥ ಭಕ್ತಿಯನ್ನು ಅವರು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನ ಕಣ್ಣಲ್ಲೂ ನೀರು. ನಾನು, “ಅಕಿ ಬ್ಯಾಡ ಅನ್ನಾಕತ್ತಾಳ. ಕಿವಿ ಕೇಳಸತಾವೇನ ಯಾರಿಗರ?” ಅಂದೆ. “ಏ, ನೀ ಸುಮ್ಕಿರ. ನಿನಗ ದ್ಯಾವ್ರ ಗೊತ್ತಿಲ್ಲ, ದಿಂಡ್ರ ಗೊತ್ತಿಲ್ಲ” ಅಂದರು. ಅಯ್ಯನವರಿಗೂ ಮನಸ್ಸು ಕರಗಿತು. “ಗೃಹಿಣಿಗೆ ಸಂಸಾರನ ವ್ರತ ಮಗಳ. ನೀ ಬಿಟ್ಟ ವ್ರತದ ದೋಷ ಏನಿದ್ರೂ ನನ್ನ ತಲಿಮ್ಯಾಲೆ ಇರಲಿ” ಅಂದು ವಿಭೂತಿ ಹಚ್ಚಿ ಆಶೀರ್ವಾದ ಮಾಡಿದರು. ದೋಷ ಹೊರಲು ಅವರು ತಯಾರಿದ್ದರು. ಆದರೆ ಹೊರಬೇಕಾದದ್ದು ದೋಷವಲ್ಲ.

ಉಡಿ ತುಂಬಿದರು. ಆಕೆ ಆ ಭಾರ ಹಿಡಿದು ನಿಂತಾಗ ನನ್ನನ್ನು ನೋಡಿದಳು. ಅಳಲಿಲ್ಲ. “ನೋಡ್ ಯಕ್ಕಾ, ನಾ ಇಷ್ಟ ಚಂದ ಸೋಗ ಹಾಕಬಾರದಿತ್ತು” ಅಂತ ಸಣ್ಣ ದನಿಯಲ್ಲಿ ಅಂದಳು.

ಕಂಬಳಿ ಮಡಚಿ ಅಟ್ಟಕ್ಕೆ ಹೋಯಿತು. ಕೆಲವು ತಿಂಗಳಲ್ಲೇ ಹಳೆಯ ಹೊಟ್ಟೆನೋವು ತಿರುಗಿ ಬಂತು. ಬಾಗಲಕೋಟೆಗೆ ಹೋಗೋಣ ಅಂದೆ. ಈಗ ಹರಕೆಯ ನೆವ ಇರಲಿಲ್ಲ, ವ್ರತ ಮುಗಿದಿತ್ತಲ್ಲ. ಮುಂದೆ ಮುಟ್ಟು ನಿಂತಿತು. ಅತ್ತೆ ಹಿಗ್ಗಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಸಕ್ಕರೆ ಇನ್ನೂ ಮನೆಗಳಲ್ಲಿ ಇರುವಾಗಲೇ ಒಂದು ಬೆಳಿಗ್ಗೆ ಆಕೆ ಹೊಟ್ಟೆ ಹಿಡಿದುಕೊಂಡು ಬಚ್ಚಲಲ್ಲಿ ಬಿದ್ದಳು. ಮುಖ ಸುಣ್ಣ. ಲಾರಿ ಗೋವೆಯ ದಾರಿಯಲ್ಲಿತ್ತು. ನಾನು, ಅತ್ತೆ ಸೇರಿ ಆಕೆಯನ್ನು ಬಾಗಲಕೋಟೆಯ ಬಸ್ಸಿಗೆ ಹತ್ತಿಸಿದೆವು.

ಹುನಗುಂದ ದಾಟುವ ತನಕ ನರಳುತ್ತಿದ್ದಳು. ಆಮೇಲೆ ನರಳಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಿತು, ಜನ ಕರದಂಟು ಕೊಳ್ಳಲು ಇಳಿದರು. ತಲೆ ನನ್ನ ತೊಡೆಯ ಮೇಲಿತ್ತು. ಯಾರೋ ಕಿಟಕಿಯ ಹೊರಗೆ ಗೋಡಂಬಿ ಕಡಿಮೆ ಹಾಕಿದ್ದಾನೆ ಅಂತ ಅಂಗಡಿಯವನ ಜೊತೆ ಜಗಳ ತೆಗೆದಿದ್ದರು. ಆ ಜಗಳ ಮುಗಿಯುವುದರೊಳಗೆ ಆಕೆಯ ಜೀವ ಹೋಯಿತು. ಕಂಡಕ್ಟರ್ ನೋಡಿದ, ತನ್ನ ಟವೆಲ್ ಕೊಟ್ಟ. ಟೆಂಪೊ ಮಾಡಿಕೊಂಡು ಊರಿಗೆ ತಿರುಗಿ ತಂದೆವು. ಮುಂದೆ ಯಾವಾಗಲೋ ಆ ಡಾಕ್ಟರಮ್ಮನನ್ನು ಕೇಳಿದೆ. ಹಳೆಯ ರೋಗ ಒಳಗಿನ ನಾಳ ಕೆಡಿಸಿರುತ್ತದೆ, ಬಸಿರು ಗರ್ಭಕೋಶಕ್ಕೆ ಬಾರದೆ ಅಲ್ಲೇ ನಿಂತು ಒಡೆದಿರಬೇಕು ಅಂದಳು.

ಮರುದಿನ ಗಂಡ ಬಂದ ಮೇಲೆ ಮಣ್ಣು ಮಾಡಿದರು. ಹಿಂದಿರುಗಿ ಕಾಲು ತೊಳೆದು ಅಂಗಳದಲ್ಲಿ ಕುಂತಾಗ ಮಾತು ಸುರುವಾಯಿತು. ಉಪವಾಸದ ದಿನ ಆಕೆ ಉಳ್ಳಾಗಡ್ಡಿ ತಿಂದದ್ದನ್ನು ಯಾರೋ ನೋಡಿದ್ದರಂತೆ. “ವ್ರತಾ ಕೆಡಸಿದ್ಲು, ದ್ಯಾವ್ರ ಬಿಡತಾನೇನ?” ಅಂದಳು ಅತ್ತೆ. ಗಂಡ ಹಣೆ ಬಡಿದುಕೊಂಡು, “ಅಕಿ ಉಪಾಸ ಇರೂತನಕ ನನ್ನ ಗಾಡಿಗಿ ಒಂದ ಗೀರ ಬಿದ್ದಿದ್ದಿಲ್ಲ” ಅಂತ ಅತ್ತ. ಖರೇನೇ ಅತ್ತ. ಆಗ ಬೇವೂರಿನ ಅಣ್ಣ, “ಆಗಿದ್ದ ಆತು. ಸಂಬಂಧ ಕಡೀಬಾರದು. ಸಣ್ಣಾಕಿ ಅದಾಳ. ಅಕ್ಕನ ಮನಿ ತಂಗೀನ ತುಂಬಲಿ” ಅಂದ. ನಮ್ಮ ಕಡೆ ಹಾಗೆ ಕೊಡುವುದು ಇದ್ದದ್ದೇ. ಅತ್ತೆ ಅಳು ನಿಲ್ಲಿಸಿ, “ಹುಡಿಗೀನ್ನ ಒಂದ ಮಾತ ಕೇಳ್ರಿ” ಅಂದಳು. “ಅಕಿನ್ನೇನ ಕೇಳೂದು” ಅಂದು ಅಣ್ಣ ಸಂಜೆಯ ಬಸ್ಸಿಗೆ ಊರಿಗೆ ಹೋದ.

ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸಲಿಲ್ಲ. “ಬೇವೂರಿಗಿ ಹೋಗಿ ಬರ್ತೇನಿ” ಅಂದೆ ಮನೆಯವರಿಗೆ. “ನಿನ್ನೆರ ಮಣ್ಣಾಗೇತಿ, ಇವತ್ತೇನ ಕೆಲಸ?” ಅಂದರು. “ಇನ್ನೊಂದ ಮಣ್ಣ ಆಗಬಾರದಂತ” ಅಂದೆ. ಮೊದಲ ಬಸ್ಸು ಹತ್ತಿದೆ.

ಅಣ್ಣ ಊರಿನ ಇಬ್ಬರು ಹಿರಿಯರ ಜೊತೆ ಕಟ್ಟೆಯ ಮೇಲೆ ಕುಂತಿದ್ದ. ತಾಯಿ ಗೋಡೆಗೆ ಆನಿಕೊಂಡು ಕುಂತಿದ್ದಳು. ತಂಗಿ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ಬಂದು ನೀರಿನ ತಂಬಿಗೆ ಕೊಟ್ಟು, ಹೋಗಿ ಮತ್ತೆ ಮೊರ ಹಿಡಿದಳು. ನಾನು ಅದನ್ನು ಮುಟ್ಟದೆ ಪಕ್ಕಕ್ಕಿಟ್ಟು, ಗಂಡಸರು ಕುಂತಿರುವಾಗಲೇ, ಗಟ್ಟಿಯಾಗಿ ಹೇಳಿದೆ.

“ಆ ಲಾರಿಯವಗ ಆಗಿದ್ದ ಉಷ್ಣ ಅಲ್ಲ. ದಾರ್ಯಾಗ ಹೆಂಗಸರ ಕಡೆ ಹೋಗಿ ಹೋಗಿ ರೋಗ ತಂದಾನ. ತಂದು ನಿಮ್ಮ ಮಗಳಿಗಿ ಕೊಟ್ಟ. ಅದರಾಗ ಎರಡ ಕೂಸ ಹೋದ್ವು, ಈಗ ಅಕೀನೂ ಹೋದ್ಲು. ಅಂವಾ ಇವತ್ತಿಗೂ ಔಷಧ ಮುಟ್ಟಿಲ್ಲ. ಇಕೀನ್ನ ಕೊಟ್ರ ಇಕಿಗೂ ಅದ ಬರತೈತಿ.”

ಅಣ್ಣ ದಡಕ್ಕನೆ ಎದ್ದು ನಿಂತ. “ಗಂಡಸರ ಮುಂದ ಎಂಥಾ ಹೊಲಸ ಮಾತಾಡ್ತೀರಿ ಅಕ್ಕಾರ? ವಯಸ್ಸಿನ ಹುಡುಗಿ ಅದಾಳ ಇಲ್ಲಿ. ಎದ್ದ ನಡ್ರಿ!” ಹಿರಿಯರಲ್ಲಿ ಒಬ್ಬ ಕೆಮ್ಮಿ ಮುಖ ತಿರುಗಿಸಿದ. ಕಣ್ಣಿಲ್ಲದ ತಾಯಿ, “ಏನಂದ್ಲು? ಏನಂದ್ಲು?” ಅಂತ ಗಾಳಿಯಲ್ಲಿ ಕೈಯಾಡಿಸಿದಳು. ಹುಡುಗಿಯ ಕೈಯಲ್ಲಿ ಮೊರ ನಿಂತಿತ್ತು.

ನಾನು ಏಳಲಿಲ್ಲ. ಅದನ್ನೇ ಮತ್ತೊಮ್ಮೆ ಮೊದಲಿನಿಂದ ಕೊನೆಯ ತನಕ ಹೇಳಿದೆ. ಈ ಸಲ ಆ ಹುಡುಗಿಯ ಮುಖ ನೋಡಿ ಹೇಳಿದೆ.